ಗೋಡೆ ಬರಹದ ವ್ಯಾಕರಣ

ನಮ್ಮಲ್ಲಿ ವಿಮರ್ಶೆ ಎಂದರೆ ಪುಸ್ತಕದ ವಿಮರ್ಶೆ ಎಂದೇ ಅರ್ಥ. ಮುಖಪುಟ, ಮುನ್ನುಡಿ, ಬೆನ್ನುಡಿ ಇಲ್ಲದ ಬರಹವನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಆದರೆ ನಮ್ಮ ನಾಡಿನಲ್ಲಿ ಅತಿ ಹೆಚ್ಚು ಜನ ಓದಿದ ಕನ್ನಡ ವಾಕ್ಯಗಳು ಯಾವ ಪುಸ್ತಕದಲ್ಲೂ ಇಲ್ಲವೆಂದು ನನಗೆ ಅನ್ನಿಸುತ್ತದೆ. ಅವು ಇದ್ದದ್ದು ಆಸ್ಪತ್ರೆಯ ಕಂಪೌಂಡಿನ ಮೇಲೆ, ಬಸ್ ನಿಲ್ದಾಣದ ಗೋಡೆಯ ಮೇಲೆ, ಪಂಚಾಯಿತಿ ಕಟ್ಟಡದ ಪಕ್ಕದಲ್ಲಿ. ಹಳದಿ ಬಣ್ಣ ಬಳಿದು, ನೀಲಿಯಲ್ಲೋ ಕೆಂಪಿನಲ್ಲೋ ದಪ್ಪಕ್ಷರದಲ್ಲಿ ಬರೆದ ಮಾತುಗಳವು. ನನ್ನ ವಯಸ್ಸಿನವರು ಅಕ್ಷರ ಕೂಡಿಸಿ ಓದಲು ಕಲಿತದ್ದು ಶಾಲೆಯ ಪುಸ್ತಕದಿಂದ ಎಷ್ಟೋ, ಈ ಗೋಡೆಗಳಿಂದಲೂ ಅಷ್ಟೇ. 'ಚಿಕ್ಕ ಸಂಸಾರ, ಚೊಕ್ಕ ಸಂಸಾರ', 'ನಾವಿಬ್ಬರು, ನಮಗಿಬ್ಬರು', 'ಆರತಿಗೊಬ್ಬಳು, ಕೀರ್ತಿಗೊಬ್ಬ'. ಕೊನೆಯದಕ್ಕೆ ಪಾಠಾಂತರಗಳುಂಟು. 'ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ' ಎನ್ನುವವರೂ ಉಂಟು. ಗೋಡೆಯ ಮೇಲೂ ಬಾಯಲ್ಲೂ ಓಡಾಡಿದ ಮಾತು, ಹಾಗಾಗಿ ಊರಿಗೊಂದು ಬಗೆ.

ಕನ್ನಡ ಕಲಿಸುವ ಶಿಕ್ಷಕಿಯಾಗಿ ಈ ಮೂರು ಮಾತುಗಳನ್ನು ಪಠ್ಯವೆಂದು ತಿಳಿದು ಓದಬೇಕೆಂದು ಬಹುದಿನದಿಂದ ಮನಸ್ಸಿತ್ತು. ಕವಿ ಯಾರೋ ಗೊತ್ತಿಲ್ಲದ ಪದ್ಯಕ್ಕೂ ವಿಮರ್ಶೆ ಇದೆಯಲ್ಲ! ಸರ್ಕಾರ ಬರೆಸಿದ ಸಾಲಿಗೂ ಅದೇ ಮರ್ಯಾದೆ ಸಲ್ಲಬೇಕು.

ಮೊದಲು ಇವುಗಳ ಹಿನ್ನೆಲೆ. ಸಂತಾನ ನಿಯಂತ್ರಣಕ್ಕಾಗಿ ಸರ್ಕಾರವೇ ಚಿಕಿತ್ಸಾಲಯ ತೆರೆದ ಮೊದಲಿಗರಲ್ಲಿ ನಮ್ಮ ಹಳೆಯ ಮೈಸೂರು ಸಂಸ್ಥಾನವೂ ಒಂದು. ಅದಕ್ಕೆ ಆದೇಶ ಹೊರಟದ್ದು 1930ರಲ್ಲಿ. ಸ್ವಾತಂತ್ರ್ಯದ ಬಳಿಕ 1952ರಲ್ಲಿ ಭಾರತ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಮಾಡಿತು. ಮೊದಲ ವರ್ಷಗಳಲ್ಲಿ ಅದು ಚಿಕಿತ್ಸಾಲಯದೊಳಗಿನ ಪಿಸುಮಾತು. ಅರವತ್ತರ ದಶಕದ ಕೊನೆಯಲ್ಲಿ ಅದು ಬೀದಿಗೆ ಬಂತು. ಕೆಂಪು ತ್ರಿಕೋನ ಬಂತು. ಅಪ್ಪ, ಅಮ್ಮ, ಮಗ, ಮಗಳು ಎಂಬ ನಾಲ್ಕು ಮುಖಗಳ ಚಿತ್ರ ಬಂತು. 1968ರಲ್ಲಿ ನಿರೋಧ್ ಬಂತು, ಮೂರಕ್ಕೆ ಹದಿನೈದು ಪೈಸೆ. ಅದನ್ನು ಹಳ್ಳಿಯ ಅಂಗಡಿಗೆ ಮುಟ್ಟಿಸಿದ್ದು ಚಹಾಪುಡಿ, ಸಾಬೂನು ಹಂಚುವ ದೊಡ್ಡ ಕಂಪನಿಗಳ ಜಾಲ. ಆಗ ಗೋಡೆ ಹೇಳುತ್ತಿದ್ದದ್ದು ಎರಡೋ ಮೂರೋ ಸಾಕು ಎಂದು. ಎಪ್ಪತ್ತರ ದಶಕ ಕಳೆಯುವಷ್ಟರಲ್ಲಿ 'ಮೂರು' ಅಳಿಸಿಹೋಗಿ ಎರಡೇ ಉಳಿಯಿತು. ಮೂರನೆಯ ಮಗುವಾಗಿ ಹುಟ್ಟಿ ಬೆಳೆಯುತ್ತಿದ್ದವರು ಒಂದು ದಿನ ಶಾಲೆಗೆ ಹೋಗುವ ದಾರಿಯಲ್ಲಿ, ತಾವು ಲೆಕ್ಕದಿಂದ ಹೊರಗಾದದ್ದನ್ನು ತಾವೇ ಓದಿಕೊಂಡರು.

ಇನ್ನು ಕಟ್ಟಾಣಿಕೆಯ ಮಾತು. ಈ ಸಾಲುಗಳನ್ನು ಬರೆದವರಿಗೆ ಕನ್ನಡದ ಕಿವಿ ಇತ್ತು ಎಂಬುದನ್ನು ಒಪ್ಪಲೇಬೇಕು. 'ಚಿಕ್ಕ', 'ಚೊಕ್ಕ'. ಎರಡನೆಯ ಅಕ್ಷರದಲ್ಲಿ ಅದೇ ಒತ್ತು ಕಕಾರ. ನಮ್ಮ ಹಳಗನ್ನಡ ಕವಿಗಳು ಸಾವಿರ ವರ್ಷ ಬಿಡದೆ ಪಾಲಿಸಿದ ಆದಿಪ್ರಾಸದ ನಿಯಮವೇ ಇಲ್ಲಿಯೂ ಇದೆ. 'ನಾವಿಬ್ಬರು, ನಮಗಿಬ್ಬರು' ಎಂಬುದರಲ್ಲಿ ಎರಡೇ ಪದ, ಕ್ರಿಯಾಪದವೇ ಇಲ್ಲ, ಆದರೂ ವಾಕ್ಯ ಪೂರ್ಣ. ಓದು ಬಾರದವರ ಬಾಯಲ್ಲೂ ನಿಲ್ಲಬೇಕಾದ ಮಾತಿಗೆ ಈ ಗುಣ ಬೇಕು. ಒಗಟು, ಗಾದೆ, ಒಡಪು ಕಟ್ಟಿದ ಜನರ ನಾಲಿಗೆಯನ್ನು ಸರ್ಕಾರ ಚೆನ್ನಾಗಿಯೇ ಬಲ್ಲದ್ದಾಗಿತ್ತು. ನನ್ನ ತಕರಾರು ಇವು ಕೆಟ್ಟ ಬರಹವೆಂದಲ್ಲ, ಬಹಳ ಒಳ್ಳೆಯ ಬರಹವೆಂದೇ. ಕೆಟ್ಟದ್ದಾಗಿದ್ದರೆ ಮರೆತುಹೋಗುತ್ತಿತ್ತು.

'ನಾವಿಬ್ಬರು' ಎನ್ನುತ್ತಿರುವವರು ಯಾರು? ವ್ಯಾಕರಣದ ಪ್ರಕಾರ ಉತ್ತಮಪುರುಷ ಬಹುವಚನ. ಗಂಡ ಹೆಂಡತಿ ಮಾತಾಡುತ್ತಿದ್ದಾರೆ. ಆದರೆ ಗೋಡೆ ಸರ್ಕಾರದ್ದು, ಬಣ್ಣ ಸರ್ಕಾರದ್ದು, ಮಾತೂ ಸರ್ಕಾರದ್ದೇ. ಗೊಂಬೆಯಾಟದಲ್ಲಿ ಪರದೆಯ ಹಿಂದಿನವನು ಗೊಂಬೆಯ ಬಾಯಿಂದ ಮಾತಾಡಿಸುವ ಹಾಗೆ ಇಲ್ಲಿ ದಂಪತಿಗಳ ಬಾಯಿಂದ ಆಡಿಸಲಾಗಿದೆ. 'ಎರಡೇ ಮಕ್ಕಳನ್ನು ಹೆರಿ' ಎಂದು ಆಜ್ಞೆ ಮಾಡಿದ್ದರೆ ನಾವು 'ಯಾಕೆ?' ಎಂದು ಕೇಳಬಹುದಿತ್ತು. ನಮ್ಮ ಮಾತನ್ನೇ ನಮಗೆ ತಿರುಗಿಸಿ ಹೇಳಿದಾಗ ಕೇಳುವುದು ಯಾರನ್ನು?

'ಚೊಕ್ಕ' ಎಂಬ ಪದವನ್ನು ನೋಡಿ. ಅದರ ಅರ್ಥ ಶುದ್ಧ, ಅಚ್ಚುಕಟ್ಟು. ಚಿಕ್ಕದು ಚೊಕ್ಕವಾದರೆ ದೊಡ್ಡದು ಏನು? ಗೋಡೆ ಅದನ್ನು ಹೇಳುವುದಿಲ್ಲ, ಆದರೆ ಪಕ್ಕದ ಚಿತ್ರ ಹೇಳುತ್ತಿತ್ತು. ಒಂದು ಬದಿಗೆ ಇಸ್ತ್ರಿ ಮಾಡಿದ ಬಟ್ಟೆಯ ನಾಲ್ವರು ನಗುತ್ತಿದ್ದರೆ, ಇನ್ನೊಂದು ಬದಿಗೆ ತಲೆ ಬಾಚದ, ಹರಕು ಅಂಗಿಯ ಐದಾರು ಮಕ್ಕಳು. ಬಡತನಕ್ಕೆ ಕಾರಣ ಮಕ್ಕಳು ಎಂಬುದು ಆ ಚಿತ್ರದ ಪಾಠ. ಮಕ್ಕಳು ಉಳಿಯುತ್ತಾರೆಂಬ ಭರವಸೆ ಇಲ್ಲದ್ದರಿಂದ, ಮುಪ್ಪಿಗೆ ಬೇರೆ ಆಸರೆ ಇಲ್ಲದ್ದರಿಂದ, ಒಂದೆರಡು ಕೈ ಹೆಚ್ಚಿಗೆ ದುಡಿದರೆ ಗಂಜಿ ಹುಟ್ಟುವುದರಿಂದ ಬಡವರ ಮನೆಯಲ್ಲಿ ಮಕ್ಕಳು ಹೆಚ್ಚು ಎಂಬ ತಿರುಗುಮುರುಗಿನ ಸತ್ಯಕ್ಕೆ ಗೋಡೆಯಲ್ಲಿ ಜಾಗವಿರಲಿಲ್ಲ. ಗೋಡೆ ಬರಹದ ದೊಡ್ಡ ಕೊರತೆಯೇ ಇದು. ಅದು ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸಿದ ದೊಡ್ಡ ಪ್ರಯೋಗ ನಡೆಯಿತು. ಅಂದಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೃಷಿ, ಆರೋಗ್ಯ, ಕುಟುಂಬ ಯೋಜನೆ ಎಲ್ಲವೂ ಆ ಪೆಟ್ಟಿಗೆಯಲ್ಲಿ ಬಂದವು. ಅದೂ ಬೆಳಕಿರುವ ಗೋಡೆಯೇ. ಮೇಲಿನಿಂದ ಮಾತು ಬಂತು, ಕೆಳಗಿನಿಂದ ಮೇಲಕ್ಕೆ ಹೋಗಲಿಲ್ಲ.

ಈಗ 'ಆರತಿಗೊಬ್ಬಳು, ಕೀರ್ತಿಗೊಬ್ಬ'. ತರಗತಿಯಲ್ಲಿ ಸಂಧಿ ಹೇಳಿಕೊಡುವಾಗ ಇದು ನನಗೆ ಒದಗಿಬಂದ ಉದಾಹರಣೆ. ಆರತಿಗೆ ಎಂಬುದಕ್ಕೆ ಒಬ್ಬಳು ಸೇರಿ ಆರತಿಗೊಬ್ಬಳು. ನಡುವಿನ ಎಕಾರ ಬಿದ್ದುಹೋಯಿತು, ಆದ್ದರಿಂದ ಲೋಪಸಂಧಿ. ಲೋಪವಾದದ್ದು ಎಕಾರ ಮಾತ್ರವಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ. 'ಗೆ' ಎಂಬುದು ಚತುರ್ಥಿ ವಿಭಕ್ತಿ ಪ್ರತ್ಯಯ. ಯಾವುದಕ್ಕಾಗಿ, ಯಾರಿಗಾಗಿ ಎಂಬುದನ್ನು ಅದು ಹೇಳುತ್ತದೆ. ಮಗಳು ಯಾವುದಕ್ಕೆ? ಆರತಿಗೆ. ಮಗ ಯಾವುದಕ್ಕೆ? ಕೀರ್ತಿಗೆ. ಆರತಿ ಮನೆಯೊಳಗಿನದು, ಕೀರ್ತಿ ಮನೆಯ ಹೊರಗಿನದು. ಆರತಿಯನ್ನು ಎತ್ತುವವಳು ತನಗಾಗಿ ಎತ್ತಿಕೊಳ್ಳುವುದಿಲ್ಲ. ಎದುರಿಗೆ ಕೂತವನಿಗೆ ಎತ್ತುತ್ತಾಳೆ. ಕೀರ್ತಿಯಾದರೋ ಗಳಿಸಿದವನದೇ. ಒಂದೇ ಉಸಿರಿನಲ್ಲಿ ಇಬ್ಬರನ್ನೂ ಹೆಸರಿಸಿ, ಸಮಾನವಾಗಿ ಕಂಡಂತೆ ಮಾಡಿ, ಒಬ್ಬಳ ಕೈಗೆ ತಟ್ಟೆ ಕೊಟ್ಟು ಇನ್ನೊಬ್ಬನ ಕೈಗೆ ಲೋಕ ಕೊಟ್ಟ ಸಾಲು ಇದು.

ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಈ ಸಾಲನ್ನು ಅದಲುಬದಲು ಮಾಡಿ ಬರೆದೆ: 'ಕೀರ್ತಿಗೊಬ್ಬಳು, ಆರತಿಗೊಬ್ಬ.' ಹುಡುಗರು ಬೆಂಚು ಬಡಿದು ನಕ್ಕರು. ಒಬ್ಬ ಎದ್ದು, "ಗಂಡುಮಕ್ಕಳು ಎಲ್ಲ್ಯಾರ ಆರತಿ ಎತ್ತತಾರೇನ್ರಿ ಮೇಡಂ?" ಎಂದ. ಹಿಂದಿನ ಸಾಲಿನಲ್ಲಿ ಸದಾ ಸುಮ್ಮನಿರುವ ಒಬ್ಬ ಹುಡುಗಿ ಕೂತಲ್ಲಿಂದಲೇ, "ಗುಡಿಯಾಗ ಪೂಜಾರಪ್ಪ ಎತ್ತೂದಿಲ್ಲೇನು?" ಎಂದಳು. ತರಗತಿ ಗಪ್ಪಾಯಿತು. ಸಂಬಳ ಬರುವ ಆರತಿ ಗಂಡಸಿನದು, ಬಿಟ್ಟಿ ಆರತಿ ಹೆಂಗಸಿನದು ಎಂಬುದನ್ನು ನಾನು ವಿವರಿಸುವ ಅಗತ್ಯ ಬೀಳಲಿಲ್ಲ.

ಇದನ್ನೆಲ್ಲ ಪದಗಳ ಕೂದಲು ಸೀಳುವುದು ಎನ್ನುವವರಿಗಾಗಿ ಸ್ವಲ್ಪ ಗಣಿತ ಹೇಳುತ್ತೇನೆ. ಎರಡೇ ಮಕ್ಕಳ ನಾಲ್ಕು ಮನೆಗಳನ್ನು ತೆಗೆದುಕೊಳ್ಳಿ. ಪ್ರಕೃತಿಗೆ ಬಿಟ್ಟರೆ ಸರಾಸರಿ ಎರಡು ಮನೆಗಳಲ್ಲಿ ಒಂದು ಗಂಡು ಒಂದು ಹೆಣ್ಣು, ಒಂದು ಮನೆಯಲ್ಲಿ ಎರಡೂ ಗಂಡು, ಒಂದು ಮನೆಯಲ್ಲಿ ಎರಡೂ ಹೆಣ್ಣು. ಗೋಡೆಯ ಮೇಲಿನ ಚಿತ್ರದ ಸಂಸಾರ ದೊರೆಯುವುದು ಮೊದಲ ಎರಡು ಮನೆಗಳಿಗೆ ಮಾತ್ರ. ಮೂರನೆಯ ಮನೆಯವರು ಆರತಿ ಇಲ್ಲವೆಂದು ಕೊರಗುವುದಿಲ್ಲ, ಸೊಸೆಯಂದಿರು ಬರುತ್ತಾರಲ್ಲ. ನಾಲ್ಕನೆಯ ಮನೆಯದೇ ಕಥೆ. ಅಲ್ಲಿ ಎರಡು ಆರತಿಗಳಿವೆ, ಕೀರ್ತಿ ಇಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಬೇರೆ ಇದೆ. ಗೋಡೆ ಆ ಮನೆಗೆ ಎರಡು ಆಜ್ಞೆಗಳನ್ನು ಒಟ್ಟಿಗೆ ಕೊಟ್ಟಿತು: ಎರಡಕ್ಕೆ ನಿಲ್ಲಿಸಿ, ಮಗನೊಬ್ಬ ಇರಲಿ. ಎರಡನ್ನೂ ಒಟ್ಟಿಗೆ ಪಾಲಿಸಲು ಆ ಮನೆಗೆ ದಾರಿಯೇ ಇರಲಿಲ್ಲ. ಒಂದು ಆಜ್ಞೆಯನ್ನು ಮುರಿದವರು ಮೂರು, ನಾಲ್ಕು, ಐದಕ್ಕೆ ಹೋದರು. ನಮ್ಮ ಶಾಲೆಗೆ ಮಗಳನ್ನು ಸೇರಿಸಲು ಬಂದ ತಾಯಿಯೊಬ್ಬಳು ತಾನಾಗಿಯೇ ಹೇಳಿದಳು: "ನಾಕು ಹೆಣ್ಣ ಆದ ಮ್ಯಾಲ ಗಂಡ ಹುಟ್ಟೇತ್ರಿ ಅಕ್ಕೋರ. ಆಮ್ಯಾಲ ಆಪರೇಷನ್ ಮಾಡಿಸ್ಕೊಂಡ್ಯಾ." ನಾಲ್ಕನೆಯ ಆ ಹೆಣ್ಣುಮಗಳು ಅವಳ ಸೆರಗು ಹಿಡಿದು ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಎಂಬತ್ತರ ದಶಕದಲ್ಲಿ ಆ ನಾಲ್ಕನೆಯ ಮನೆಗೆ ಒಂದು ಯಂತ್ರ ದಾರಿ ತೋರಿಸಿತು. ಗರ್ಭದಲ್ಲೇ ಗಂಡೋ ಹೆಣ್ಣೋ ನೋಡಿ ಹೇಳುವ ಚಿಕಿತ್ಸಾಲಯಗಳು ಉತ್ತರದ ಮತ್ತು ಪಶ್ಚಿಮದ ನಗರಗಳಲ್ಲಿ ಜಾಹೀರಾತು ಕೊಡತೊಡಗಿದವು. ಈಗ ಕೆಲವು ನೂರು ಖರ್ಚು ಮಾಡಿ, ಮುಂದೆ ವರದಕ್ಷಿಣೆಯ ಸಾವಿರಾರು ರೂಪಾಯಿ ಉಳಿಸಿ ಎಂಬ ಧಾಟಿಯ ಜಾಹೀರಾತುಗಳು ಅವು. ಸರ್ಕಾರ ಬರೆದ ಗೋಡೆಯ ಪಕ್ಕದ ಗೋಡೆಯನ್ನು ಮಾರುಕಟ್ಟೆ ಹಿಡಿಯಿತು. ಅದೇ ವ್ಯಾಕರಣವನ್ನು ಇನ್ನಷ್ಟು ಬಿಚ್ಚಿ ಹೇಳಿತು. 1988ರಲ್ಲಿ ಮಹಾರಾಷ್ಟ್ರ ಇದರ ವಿರುದ್ಧ ಕಾಯಿದೆ ಮಾಡಿತು. ಕೇಂದ್ರದ ಕಾಯಿದೆ 1994ರಲ್ಲಿ ಆಗಿ, 1996ರ ಜನವರಿಯಿಂದ ಜಾರಿಗೆ ಬಂತು. ಅಷ್ಟರಲ್ಲಿ ನೀರು ಬಹಳ ಹರಿದಿತ್ತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ಎಷ್ಟೆಂಬ ಲೆಕ್ಕ ದೇಶದಲ್ಲಿ 1991ರಲ್ಲಿ 945 ಇದ್ದದ್ದು 2001ಕ್ಕೆ 927 ಆಯಿತು. ಪಂಜಾಬಿನಲ್ಲಿ 798ಕ್ಕೆ ಕುಸಿಯಿತು. ಕರ್ನಾಟಕದಲ್ಲಿ 1991ರಲ್ಲಿ 960, 2001ರಲ್ಲಿ 946, 2011ರಲ್ಲಿ 948. ನಾವು ಪಂಜಾಬಿನಷ್ಟು ಕೆಡಲಿಲ್ಲ, ನಿಜ. ಆದರೆ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ, ಬೆಲ್ಲ ಬೇಯುವ ಜಾಗದಲ್ಲಿ ಇದೂ ನಡೆಯಿತೇ ಎಂದು ನಾಡೇ ಬೆಚ್ಚಿತು. ಕಾಯಿದೆ ಬಂದು ಹೆಚ್ಚುಕಡಿಮೆ ಮೂವತ್ತು ವರ್ಷವಾಗಿತ್ತು ಆಗ.

ಇದಕ್ಕೆಲ್ಲ ಗೋಡೆ ಬರಹವೇ ಕಾರಣ ಎಂದರೆ ಅನ್ಯಾಯದ ಮಾತಾದೀತು. ವರದಕ್ಷಿಣೆ ಇದೆ, ಆಸ್ತಿಯ ಪ್ರಶ್ನೆ ಇದೆ, ಪಿಂಡ ಇಡುವವನು ಬೇಕೆಂಬ ನಂಬಿಕೆ ಇದೆ. ಇವೆಲ್ಲ ಗೋಡೆಗಿಂತ ಹಳೆಯವು. ನನ್ನ ಆಕ್ಷೇಪ ಇಷ್ಟೇ: ಜನರ ಮನಸ್ಸನ್ನು ಬದಲಾಯಿಸಲು ಹೊರಟ ಸರ್ಕಾರ ಸಂಖ್ಯೆಯನ್ನು ಬದಲಾಯಿಸಲು ನೋಡಿತೇ ಹೊರತು ಮನಸ್ಸನ್ನಲ್ಲ. ಸಂಖ್ಯೆ ಬೇಗ ಇಳಿಯಲೆಂದು ಹಳೆಯ ಮನಸ್ಸಿಗೇ ಲಂಚ ಕೊಟ್ಟು ಮಾತಾಡಿತು.

ಚಿತ್ರದಲ್ಲಿ ಗಂಡ ಹೆಂಡತಿ ಜೊತೆಗೆ ನಿಂತಿದ್ದರು. ಕತ್ತರಿ ಬಿದ್ದದ್ದು ಯಾರ ಮೇಲೆ ಎಂಬುದನ್ನೂ ನೋಡಬೇಕು. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮೀರಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಬಹುಪಾಲು ಗಂಡಸರದು, ಅನೇಕ ಕಡೆ ಒತ್ತಾಯದ್ದು. ಉತ್ತರದ ರಾಜ್ಯಗಳಲ್ಲಿ ಶಾಲಾ ಶಿಕ್ಷಕರಿಗೂ ಇಷ್ಟು 'ಕೇಸು' ತರಬೇಕೆಂಬ ಗುರಿ ಇತ್ತು, ತರದಿದ್ದರೆ ಸಂಬಳಕ್ಕೆ ಕುತ್ತು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದ ಕಾಲ. ನಿಜ ಸುದ್ದಿ ಅಚ್ಚಾಗದಿದ್ದಾಗ ಗಾಳಿಸುದ್ದಿಯೇ ಪತ್ರಿಕೆ. ಎಷ್ಟು ನಿಜ ಎಷ್ಟು ಸುಳ್ಳು ಎಂದು ತೂಗಿ ನೋಡಲು ಜನರಿಗೆ ತಕ್ಕಡಿಯೇ ಇರಲಿಲ್ಲ. ಗೋಡೆಗಳು ಮಾತ್ರ ಮೊದಲಿನಂತೆಯೇ ನಗುತ್ತಿದ್ದವು. 1977ರ ಚುನಾವಣೆಯಲ್ಲಿ ಜನ ಉತ್ತರ ಕೊಟ್ಟರು. 'ಯೋಜನೆ' ಹೋಗಿ 'ಕಲ್ಯಾಣ' ಬಂತು. ಕುಟುಂಬ ಕಲ್ಯಾಣ ಇಲಾಖೆಯಾಯಿತು.

ಹೆಸರಿನ ಜೊತೆಗೆ ಇನ್ನೊಂದೂ ಬದಲಾಯಿತು, ಅದನ್ನು ಯಾವ ಗೋಡೆಯೂ ಬರೆಯಲಿಲ್ಲ. ಗಂಡಸರು ಸಿಟ್ಟಾದರೆ ಸರ್ಕಾರ ಬೀಳುತ್ತದೆ ಎಂಬ ಪಾಠ ಕಲಿತ ಮೇಲೆ ಇಡೀ ಕಾರ್ಯಕ್ರಮ ಹೆಂಗಸರ ಕಡೆ ತಿರುಗಿತು. ಗಂಡಸಿನ ಶಸ್ತ್ರಚಿಕಿತ್ಸೆ ಹೆಂಗಸಿನದಕ್ಕಿಂತ ಸರಳವಾದದ್ದು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಿಳೆಯರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ ದಂಪತಿಗಳು ಶೇಕಡಾ 37.9, ಪುರುಷರದನ್ನು ಅವಲಂಬಿಸಿದವರು ಶೇಕಡಾ 0.3. ನಮ್ಮ ರಾಜ್ಯದಲ್ಲಿ ಅದೇ ಸಮೀಕ್ಷೆಯ ಪ್ರಕಾರ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ವಿವಾಹಿತೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ನಮ್ಮ ಹಳ್ಳಿಗಳಲ್ಲಿ 'ಆಪರೇಷನ್' ಎಂದರೆ ಯಾವ ಆಪರೇಷನ್ ಎಂದು ಯಾರೂ ಕೇಳುವುದಿಲ್ಲ, ಯಾರಿಗೆ ಎಂದೂ ಕೇಳುವುದಿಲ್ಲ. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರದ ಬಳಿಯ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಲಾಯಿತು. ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿ ಹೇಳಬೇಕಾಯಿತು. 'ನಾವಿಬ್ಬರು' ಎಂದು ಬರೆದ ಕಡೆ ಮೇಜಿನ ಮೇಲೆ ಮಲಗಿದ್ದು ಒಬ್ಬಳೇ.

ಲಾಭವನ್ನೂ ಹೇಳಬೇಕು, ಇಲ್ಲದಿದ್ದರೆ ವಿಮರ್ಶೆ ಬೈಗುಳವಾಗುತ್ತದೆ. ಎಂಟು ಹತ್ತು ಹೆತ್ತು, ಅದರಲ್ಲಿ ಅರ್ಧ ಕಳೆದುಕೊಂಡು, ನಲವತ್ತಕ್ಕೇ ಮುದುಕಿಯಾಗುತ್ತಿದ್ದ ನಮ್ಮ ಅಜ್ಜಿಯರ ಬದುಕು ಮೊಮ್ಮಕ್ಕಳಿಗೆ ಬರಲಿಲ್ಲ. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರ ಸಮೀಕ್ಷೆಯಲ್ಲಿ ಸುಮಾರು 2.9 ಇದ್ದದ್ದು 2019-21ರಲ್ಲಿ 1.7ಕ್ಕೆ ಬಂದಿತ್ತು. ಎರಡು ಹೆಣ್ಣುಮಕ್ಕಳಿಗೇ ಸಾಕೆಂದು ನಿಂತು ಅವರನ್ನು ಇಂಜಿನಿಯರು, ನರ್ಸು, ಪೊಲೀಸು ಮಾಡಿದ ಮನೆಗಳು ನನ್ನ ಕಣ್ಣೆದುರಿಗೇ ಬೇಕಾದಷ್ಟಿವೆ. ಆದರೆ ಅವರನ್ನು ಅಲ್ಲಿಗೆ ಮುಟ್ಟಿಸಿದ್ದು ಪ್ರಾಸವಲ್ಲ. ಊರಿಗೆ ಬಂದ ಪ್ರೌಢಶಾಲೆ, ಅಂಗನವಾಡಿ, ಲಸಿಕೆ, ಮನೆಬಾಗಿಲಿಗೆ ಬಂದ ನರ್ಸಮ್ಮ.

ಆಮೇಲೆ ಬಂದ ಘೋಷಣೆಗಳು ಸುಧಾರಿಸಿದವೇ? 'ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ' ಎಂಬುದು ನಮ್ಮ ಶಾಲೆಗಳ ಗೋಡೆಗಳಲ್ಲೇ ಇದೆ. ಕೇಳಲು ಇಂಪು. ಆದರೆ ಗಂಡು ಕಲಿತರೆ ನೌಕರಿ, ಹೆಣ್ಣು ಕಲಿತರೆ ಮಕ್ಕಳಿಗೆ ಪಾಠ ಎಂಬ ಅರ್ಥ ಇದರೊಳಗೆ ಸುಮ್ಮನೆ ಕೂತಿದೆ. ಅವಳು ತನಗಾಗಿ ಕಲಿಯಬಾರದೇ? ಚತುರ್ಥಿ ವಿಭಕ್ತಿ ಇಲ್ಲಿ ಕಾಣದಿದ್ದರೂ ಕೆಲಸ ಮಾಡುತ್ತಿದೆ. 2015ರ ಜನವರಿಯಲ್ಲಿ 'ಬೇಟಿ ಬಚಾವೋ, ಬೇಟಿ ಪಢಾವೋ' ಬಂತು. ಮೊದಲ ನೂರು ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಒಂದು. 2016ರಿಂದ 2019ರವರೆಗೆ ಬಿಡುಗಡೆಯಾದ 446.72 ಕೋಟಿ ರೂಪಾಯಿಯಲ್ಲಿ ಶೇಕಡಾ 78.91ರಷ್ಟು ಬರೀ ಪ್ರಚಾರಕ್ಕೇ ಹೋಯಿತೆಂದು ಸಂಸತ್ತಿನ ಸಮಿತಿ 2021ರಲ್ಲಿ ಹೇಳಿತು. ಮಗಳನ್ನು ಉಳಿಸುವ ಹಣದಲ್ಲಿ ಮುಕ್ಕಾಲಿಗೂ ಮಿಕ್ಕಿದ್ದನ್ನು ಮಗಳನ್ನು ಉಳಿಸಿ ಎಂದು ಹೇಳುವುದಕ್ಕೇ ಖರ್ಚು ಮಾಡಲಾಯಿತು.

ಇದರ ಎದುರಿಗೆ 2006-07ರಲ್ಲಿ ನಮ್ಮ ರಾಜ್ಯ ಎಂಟನೆಯ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್ಲನ್ನು ಇಟ್ಟು ನೋಡುತ್ತೇನೆ. ಸೈಕಲ್ಲಿಗೆ ಪ್ರಾಸವಿಲ್ಲ. ಹೆಣ್ಣೆಂದರೆ ದೇವತೆ, ಕಣ್ಣು, ದೀಪ ಎಂದೇನೂ ಅದು ಹೇಳಲಿಲ್ಲ. ಏಳನೆಯ ತರಗತಿ ಮುಗಿದ ಮೇಲೆ ಪಕ್ಕದೂರಿನ ಪ್ರೌಢಶಾಲೆ ದೂರವಾಯಿತೆಂದು ಮನೆಯಲ್ಲಿ ಉಳಿಯುತ್ತಿದ್ದ ಹುಡುಗಿಯರು ಲಂಗ ಸಿಕ್ಕಿಸಿಕೊಂಡು ಸಾಲಾಗಿ ಬರತೊಡಗಿದರು. ಕೆಲವು ವರ್ಷಗಳಲ್ಲಿ ಚೈನು ಬಿಚ್ಚಿಹೋಗುವ ಸೈಕಲ್ಲು ಬಂದದ್ದೂ ಉಂಟು, ತಡವಾಗಿ ಬಂದದ್ದೂ ಉಂಟು. ಆದರೆ 'ಹೆಣ್ಣುಮಗಳು ರಸ್ತೆಯ ಮೇಲೆ ಇರಬಹುದು' ಎಂಬ ವಾಕ್ಯವನ್ನು ಒಂದು ಅಕ್ಷರ ಬರೆಯದೆ ಊರಿಗೆಲ್ಲ ಓದಿಸಿದ ಪಠ್ಯ ಅದು. ಸರ್ಕಾರ ಮಾತಾಡಬೇಕಾದರೆ ಹೀಗೆ ಮಾತಾಡಬೇಕು.

ಈಗ ಗಾಳಿ ತಿರುಗುತ್ತಿದೆ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಬಾರದೆಂದು ಕಾನೂನು ಮಾಡಿದ್ದ ಆಂಧ್ರಪ್ರದೇಶ 2024ರಲ್ಲಿ ಅದನ್ನು ಕೈಬಿಟ್ಟಿತು. ಹೆಚ್ಚು ಮಕ್ಕಳನ್ನು ಹೆರಿ ಎಂದು ಅಲ್ಲಿನ ಮುಖ್ಯಮಂತ್ರಿಯೇ ಆ ವರ್ಷ ಕರೆ ಕೊಟ್ಟರು. ಮುಪ್ಪಾಗುವ ಜನಸಂಖ್ಯೆ, ಲೋಕಸಭೆಯ ಸ್ಥಾನಗಳ ಲೆಕ್ಕ ಎಂದು ಕಾರಣಗಳನ್ನು ಕೊಡುತ್ತಾರೆ. ಕಾರಣಗಳು ಇರಬಹುದು. ನಾಳೆ ಯಾರೋ ಒಬ್ಬ ಜಾಣ ಬರಹಗಾರ 'ಮೂವರು' ಎಂಬುದಕ್ಕೂ ಚೆಂದದ ಪ್ರಾಸ ಹೊಂದಿಸಿಕೊಟ್ಟಾನು. ಸಾಕು ಎಂದಾಗಲೂ ಬೇಕು ಎಂದಾಗಲೂ ಹೆರುವವಳನ್ನು ಒಂದು ಮಾತು ಕೇಳಿದ ಗೋಡೆಯನ್ನು ನಾನು ಇನ್ನೂ ಕಂಡಿಲ್ಲ. ಹೊಸ ಘೋಷಣೆ ಬಂದ ದಿನ ಅದನ್ನೂ ಕರಿಹಲಗೆಯ ಮೇಲೆ ಬರೆದು, ಇದರಲ್ಲಿ ಕರ್ತೃ ಯಾರು, ಕ್ರಿಯೆ ಯಾರ ಮೇಲೆ, 'ಗೆ' ಯಾರಿಗೆ ಎಂದು ನನ್ನ ಹುಡುಗಿಯರನ್ನು ಕೇಳಬೇಕೆಂದಿದ್ದೇನೆ. ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿವೆ.